ಉದ್ಘಾಟನೆಗೆ ದೀಪವಿದೆ, ರಿಪೇರಿಗೆ ಯಾರಿದ್ದಾರೆ?

ಜೂನ್ ತಿಂಗಳಲ್ಲಿ ಗಂಗೊಳ್ಳಿ ಬಂದರಿಗೆ ಹೋಗಿ ನೋಡಿ. ಬೋಟುಗಳೆಲ್ಲ ದಡಕ್ಕೆ ಬಂದು ನಿಂತಿರುತ್ತವೆ. ಕರ್ನಾಟಕ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ವರೆಗೆ, ಒಟ್ಟು 61 ದಿನ ನಿಷೇಧ. ಮೀನು ಮರಿ ಮಾಡಲಿ ಅಂತ ಬಿಟ್ಟ ಸಮಯ ಅದು. ಆದರೆ ಬೋಟಿನವರಿಗೆ ಅದು ರಿಪೇರಿಯ ಕಾಲವೂ ಹೌದು. ಇಂಜಿನ್ ಬಿಚ್ಚುತ್ತಾರೆ, ಹರಿದ ಬಲೆ ಹೆಣೆಯುತ್ತಾರೆ, ಬಣ್ಣ ಬಳಿಯುತ್ತಾರೆ. "ಹೋದ ವರ್ಷ ಚೆನ್ನಾಗೇ ಓಡಿತ್ತಲ್ಲ, ಈಗ ಯಾಕೆ ಮುಟ್ಟೋದು?" ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನಡು ಸಮುದ್ರದಲ್ಲಿ ಇಂಜಿನ್ ನಿಂತರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಅದೇ ಕುಂದಾಪುರ ಸೀಮೆಯಲ್ಲಿ, ಒಂದು ಸಹಕಾರಿ ಸಂಘದ ಕಚೇರಿಯಲ್ಲಿ ಕೂತು ನಾನು ಈ ಪ್ರಶ್ನೆಯನ್ನು ಕೇಳಿಸಿಕೊಂಡೆ. ಸಂಘದ ಹೆಸರು ಬೇಡ. ಗೂಗಲ್‌ನಲ್ಲಿ ಆ ಸಂಘದ ಹೆಸರು ಹುಡುಕಿದರೆ ಠೇವಣಿ ಬಡ್ಡಿದರದ ಬದಲು ಆನ್‌ಲೈನ್ ಜೂಜಿನ ಜಾಹೀರಾತು ಬರುತ್ತಿತ್ತು. ಎಂಜಿನಿಯರಿಂಗ್ ಓದಿದವನು, ಬೆಂಗಳೂರಲ್ಲಿ ನಾಲ್ಕು ವರ್ಷ ಸರ್ವರ್ ಕಾದವನು ಅಂತ ನನ್ನನ್ನು ಕರೆದಿದ್ದರು. ಸರ್ವರ್‌ನ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಬೇಕು ಅಂದೆ. ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ಸಮಾ ನಡೀತಿಪ್ಪುದನ್ನ ಎಂತಕೆ ಮುಟ್ಟುದ್ ಮಾಣಿ?"

ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೂರು ಅಂಕಿಗಳ ಲೆಕ್ಕ

ನೀವು ಮೊಬೈಲ್‌ನಲ್ಲಿ ಒಂದು ವಿಳಾಸ ಒತ್ತಿದಾಗ, ಇನ್ನೆಲ್ಲೋ ಇರುವ ಕಂಪ್ಯೂಟರೊಂದು ಆ ಪುಟವನ್ನು ತೆಗೆದು ಕೊಡಬೇಕು. ಹಾಗೆ ಕೊಡುವ ಸಾಫ್ಟ್‌ವೇರೇ ವೆಬ್ ಸರ್ವರ್. ಸಂಘದ ಕೌಂಟರ್‌ನಲ್ಲಿ ಕೂತ ಗುಮಾಸ್ತನ ಕೆಲಸ ಅದರದ್ದು: ಕೇಳಿದ ಕಾಗದ ಕೊಡಬೇಕು, ಒಳಗಿನ ಕಪಾಟಿಗೆ ಯಾರನ್ನೂ ಬಿಡಬಾರದು. ಅಪಾಚೆ ಮತ್ತು ಎಂಜಿನ್ಎಕ್ಸ್ ಇದರಲ್ಲಿ ಹೆಚ್ಚು ಬಳಕೆಯಲ್ಲಿರುವ ಎರಡು. ಎರಡೂ ಉಚಿತ, ಎರಡರ ಮೂಲ ಸಂಕೇತವೂ ಎಲ್ಲರಿಗೂ ತೆರೆದದ್ದು.

ಅಪಾಚೆಯ ಆವೃತ್ತಿ ಸಂಖ್ಯೆ 2.4.51 ಅಂತಿರುತ್ತದೆ. ಇದನ್ನು ದಶಮಾಂಶದ ಹಾಗೆ ಓದಬಾರದು, 2.4.6ಕ್ಕಿಂತ 2.4.51 ಬಹಳ ಹೊಸದು. ಮೊದಲ ಎರಡು ಅಂಕಿ ಬದಲಾದರೆ ಮನೆಯನ್ನೇ ಕೆಡವಿ ಕಟ್ಟಿದ ಹಾಗೆ. ಕೊನೆಯ ಅಂಕಿ ಬದಲಾದರೆ ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ಬದಲಿಸಿದ ಹಾಗೆ. ಆ ಕೊನೆಯ ಅಂಕಿಯೇ ನಿರ್ವಹಣಾ ಬಿಡುಗಡೆ. ಅಪಾಚೆಯ 2.4 ಸರಣಿ 2012ರಿಂದ ನಡೆದಿದೆ. ಅಷ್ಟು ವರ್ಷ ಅದೇ ಮನೆ, ಹಂಚು ಮಾತ್ರ ಬದಲಾಗುತ್ತಾ ಬಂದಿದೆ.

ಸಾಮಾನ್ಯವಾಗಿ ತೂತು ಮುಚ್ಚಿದ ಹೊಸ ಆವೃತ್ತಿಯೂ ಆ ತೂತು ಎಲ್ಲಿತ್ತು ಎಂಬ ವಿವರವೂ ಒಟ್ಟಿಗೇ ಹೊರಬರುತ್ತವೆ. ಅಂದರೆ ಬೀಗ ಬದಲಿಸಿಕೊಳ್ಳಿ ಅಂತ ನಿಮಗೆ ಹೇಳಿದ ದಿನವೇ ಹಳೇ ಬೀಗದ ದೋಷ ಕಳ್ಳರಿಗೂ ಗೊತ್ತಾಗುತ್ತದೆ. ಆಮೇಲೆ ಮನುಷ್ಯರು ಕೂತು ಹುಡುಕಬೇಕಿಲ್ಲ, ಯಂತ್ರಗಳೇ ಇಂಟರ್‌ನೆಟ್ಟಿನಲ್ಲಿ ಸರ್ವರ್‌ಗಳ ಬಾಗಿಲನ್ನು ಒಂದೊಂದಾಗಿ ತಟ್ಟುತ್ತಾ ಹೋಗುತ್ತವೆ. "ಬೈಂದೂರಿನ ಸಣ್ಣ ಸಂಸ್ಥೆ ನಮ್ಮದು, ನಮ್ಮನ್ನು ಯಾರು ಹ್ಯಾಕ್ ಮಾಡ್ತಾರೆ?" ಅನ್ನುವ ಮಾತಿಗೆ ಅರ್ಥವಿಲ್ಲದಿರುವುದು ಇದಕ್ಕೇ. ತಟ್ಟುವ ಯಂತ್ರಕ್ಕೆ ಬೈಂದೂರೂ ಒಂದೇ, ಬಾಸ್ಟನ್ನೂ ಒಂದೇ.

2021ರ ಆ ಮೂರು ವಾರ

ಮ್ಯಾನೇಜರ್ ಅವರ ಪ್ರಶ್ನೆಗೂ ಆಧಾರ ಇಲ್ಲದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಅಪಾಚೆ 2.4.49 ಬಂತು. ವಿಳಾಸಗಳನ್ನು ಓದುವ ರೀತಿಯಲ್ಲಿ ಮಾಡಿದ ಬದಲಾವಣೆಯಿಂದ ಅದರಲ್ಲಿ ಹೊಸದೊಂದು ತೂತು ಸೇರಿಕೊಂಡಿತ್ತು. ಕೆಲವು ಸಂರಚನೆಗಳಲ್ಲಿ ಹೊರಗಿನವರು ಸರ್ವರ್‌ನ ಬೇರೆ ಫೋಲ್ಡರ್‌ಗಳಿಗೂ ಕೈಹಾಕಬಹುದಿತ್ತು. ಅಕ್ಟೋಬರ್ 4ಕ್ಕೆ 2.4.50 ಬಂತು. ಆ ತೇಪೆ ಪೂರ್ತಿ ಕೂರಲಿಲ್ಲ. ಅಕ್ಟೋಬರ್ 7ಕ್ಕೆ 2.4.51 ಬಂತು. ಈ ತೂತು ಇದ್ದದ್ದು 2.4.49 ಮತ್ತು 2.4.50ರಲ್ಲಿ ಮಾತ್ರ. ಅಪ್‌ಡೇಟ್ ಮಾಡದೆ 2.4.48ರಲ್ಲೇ ಕೂತವರು ಇದರಿಂದ ಬಚಾವ್.

"ನೋಡಿದ್ಯಾ, ನಾನು ಹೇಳಿದ್ದೇ ಸರಿ" ಅನ್ನಬಹುದು. ಆದರೆ ಆ 2.4.49 ಬಂದದ್ದೇ 2.4.48ರಲ್ಲಿದ್ದ ಹಳೇ ತೂತುಗಳನ್ನು ಮುಚ್ಚಲು. ಅದರಲ್ಲೊಂದು, ಪ್ರಾಕ್ಸಿ ಭಾಗದಲ್ಲಿದ್ದದ್ದು, ಎಷ್ಟು ಗಂಭೀರ ಎಂದರೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಮುಂದೆ ಅದನ್ನು ದಾಳಿಕೋರರು ನಿಜಕ್ಕೂ ಬಳಸುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು. ಅಂದರೆ ಹಳೆಯದರಲ್ಲೇ ಕೂತವರು ಒಂದು ತೂತಿನಿಂದ ಬಚಾವಾದರೂ ಇನ್ನೊಂದಕ್ಕೆ ಬಾಗಿಲು ತೆರೆದಿಟ್ಟಿದ್ದರು. ಹೊಸದು ಬಂದ ತಕ್ಷಣ ಕಣ್ಣುಮುಚ್ಚಿ ಹಾಕಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಹೊಸದು ಬಂದಿದೆ ಅಂತ ತಿಳಿದುಕೊಳ್ಳುವ, ಓದುವ, ಪರೀಕ್ಷಿಸಿ ಹಾಕುವ ಒಬ್ಬ ಮನುಷ್ಯ ಬೇಕು ಅಂತ ಹೇಳುತ್ತಿದ್ದೇನೆ. ಆ ಅಕ್ಟೋಬರ್‌ನಲ್ಲಿ ಬಚಾವಾಗಲು ಮೂರು ದಿನದೊಳಗೆ ಎರಡು ಸಲ ಕೆಲಸ ಮಾಡುವವರು ಬೇಕಿತ್ತು.

ಅಂಥವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಈಕ್ವಿಫ್ಯಾಕ್ಸ್ ಉದಾಹರಣೆ ಸಾಕು. ವೆಬ್ ಅಪ್ಲಿಕೇಶನ್ ಕಟ್ಟಲು ಬಳಸುವ ಅಪಾಚೆ ಸ್ಟ್ರಟ್ಸ್ ಎಂಬ ಬೇರೆ ಸಾಫ್ಟ್‌ವೇರ್‌ನ ದೋಷಕ್ಕೆ 2017ರ ಮಾರ್ಚ್‌ನಲ್ಲಿ ಪರಿಹಾರ ಬಂದಿತ್ತು. ಆ ಸಾಲದ ಮಾಹಿತಿ ಕಂಪನಿ ಒಂದು ಕಡೆ ಅದನ್ನು ಹಾಕಿರಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಒಳಹೊಕ್ಕರು. ಸುಮಾರು 14.7 ಕೋಟಿ ಜನರ ಮಾಹಿತಿ ಹೋಯಿತು. ಔಷಧ ಮನೆಯಲ್ಲೇ ಇತ್ತು, ಕುಡಿಸುವವರು ಇರಲಿಲ್ಲ.

ನಾನು ಮಾಡಿದ ಎಡವಟ್ಟು

ಸಂಘದ ಕಥೆಗೆ ವಾಪಸ್ ಬರೋಣ. ಅವರ ಸರ್ವರ್ ನಡೆಯುತ್ತಿದ್ದದ್ದು ಸೆಂಟ್‌ಒಎಸ್ 7 ಎಂಬ ಲಿನಕ್ಸ್ ಮೇಲೆ. ಅಪಾಚೆ ಆವೃತ್ತಿ 2.4.6, ಅಂದರೆ 2013ರದ್ದು. ನೋಡಿದ ಕೂಡಲೇ ಗಾಬರಿಯಾಗುವ ಸಂಖ್ಯೆ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಸೆಂಟ್‌ಒಎಸ್, ಡೆಬಿಯನ್, ಉಬುಂಟು ಮುಂತಾದವು ಸಂಖ್ಯೆ ಬದಲಿಸದೆ ಭದ್ರತೆಯ ತೇಪೆಗಳನ್ನು ಮಾತ್ರ ಹಳೇ ಆವೃತ್ತಿಗೆ ಹಾಕುತ್ತಾ ಹೋಗುತ್ತವೆ. ಹೀಗಾಗಿ ನಿಯಮಿತವಾಗಿ ಅಪ್‌ಡೇಟ್ ಆಗುತ್ತಿದ್ದ 2.4.6 ಬಹಳ ಕಾಲ ಸುರಕ್ಷಿತವಾಗಿಯೇ ಇರಬಹುದಿತ್ತು. ಸಂಖ್ಯೆ ನೋಡಿ ಮಾತ್ರ ತೀರ್ಪು ಕೊಡಬಾರದು. ಆದರೆ ಸೆಂಟ್‌ಒಎಸ್ 7ಕ್ಕೆ ತೇಪೆ ಬರುವುದು 2024ರ ಜೂನ್ 30ಕ್ಕೆ ನಿಂತಿತು. ಇವರಂತೂ ಉದ್ಘಾಟನೆಯ ದಿನದಿಂದ ಒಂದೇ ಒಂದು ಅಪ್‌ಡೇಟ್ ಹಾಕಿರಲಿಲ್ಲ.

ಸೈಟ್ ಮಾಡಿಕೊಟ್ಟ ಹುಡುಗ ದುಬೈಗೆ ಹೋಗಿದ್ದ. ಹೋಸ್ಟಿಂಗ್ ಪಾಸ್‌ವರ್ಡ್ ಅವನ ಇಮೇಲ್‌ನಲ್ಲಿತ್ತು. ಅದನ್ನು ತರಿಸಿಕೊಳ್ಳಲು ಎರಡು ವಾರ ಹಿಡಿಯಿತು. ಜೂಜಿನವರು ಯಾವ ತೂತಿನಿಂದ ನುಗ್ಗಿದರು ಅಂತ ಹೇಳಲು ಲಾಗ್‌ಗಳೇ ಉಳಿದಿರಲಿಲ್ಲ.

ನಾನು ಹೊಸ ಆಪರೇಟಿಂಗ್ ಸಿಸ್ಟಂ, ಹೊಸ ಅಪಾಚೆ, ಹೊಸ ಪಿಎಚ್‌ಪಿ ಎಲ್ಲ ಒಂದೇ ರಾತ್ರಿ ಹಾಕಿದೆ. ಪ್ರತಿ ಮೇಲೆ ಪರೀಕ್ಷೆ ಮಾಡದೆ ಹಾಕಿದೆ. ಬೆಳಿಗ್ಗೆ ಸೈಟ್ ಬಿಳಿ ಹಾಳೆಯಾಗಿತ್ತು. ಡೇಟಾಬೇಸ್ ಜೊತೆ ಮಾತಾಡಲು ಹಳೇ ಕೋಡ್ ಬಳಸುತ್ತಿದ್ದ ಫಂಕ್ಷನ್‌ಗಳನ್ನು ಪಿಎಚ್‌ಪಿ 7ರಲ್ಲೇ, ಅಂದರೆ 2015ರಲ್ಲೇ, ತೆಗೆದುಹಾಕಿದ್ದರು. ಮ್ಯಾನೇಜರ್ ಫೋನ್ ಮಾಡಿ ಬೈಯಲಿಲ್ಲ. "ಹೇಳಿದ್ನಲ್ಲೆ ಮಾಣಿ" ಅಂದರು, ಅಷ್ಟೇ. ಬ್ಯಾಕಪ್ ತೆಗೆದಿದ್ದಕ್ಕೆ ಮಾನ ಉಳಿಯಿತು. ಕೋಡ್ ಸರಿಪಡಿಸಲು ಹನ್ನೊಂದು ದಿನ ಬೇಕಾಯಿತು.

ಆ ಹನ್ನೊಂದು ದಿನದಲ್ಲಿ ನನಗೆ ಸ್ಪಷ್ಟವಾದದ್ದು ಇದು. ಸೈಟನ್ನು ಬೀಳಿಸಿದ್ದು ನಿರ್ವಹಣಾ ಬಿಡುಗಡೆ ಅಲ್ಲ, ಅದನ್ನು ವರ್ಷಗಟ್ಟಲೆ ಮುಂದೂಡಿದ್ದು. ಕೊನೆಯ ಅಂಕಿ ಮಾತ್ರ ಬದಲಾಗುವ ಅಪ್‌ಗ್ರೇಡ್ ಹೆಚ್ಚಿನ ಸಲ ಅರ್ಧ ಗಂಟೆಯ ಕೆಲಸ: ಬ್ಯಾಕಪ್ ತೆಗಿ, ಸೈಟಿನ ಒಂದು ಪ್ರತಿಯ ಮೇಲೆ ಮೊದಲು ಹಾಕಿ ನೋಡು, ಸಂರಚನೆ ಸರಿ ಇದೆಯಾ ಅಂತ ಪರೀಕ್ಷಿಸು, ನಿಜವಾದ ಸರ್ವರ್‌ಗೆ ಹಾಕು, ಸರ್ವರನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡು. ಈ ಕೊನೆಯದನ್ನು ಮರೆಯುವವರಿದ್ದಾರೆ. ಡಿಸ್ಕ್‌ನಲ್ಲಿ ಹೊಸದು ಕೂತಿರುತ್ತದೆ, ಮೆಮೊರಿಯಲ್ಲಿ ಹಳೆಯದೇ ಓಡುತ್ತಿರುತ್ತದೆ. ಆಮೇಲೆ ಪುಟಗಳನ್ನು ತೆರೆದು ನೋಡು, ಎಡವಟ್ಟಾದರೆ ಹಳೆಯದಕ್ಕೆ ಮರಳುವ ದಾರಿ ಇಟ್ಟುಕೋ. ಇಷ್ಟನ್ನು ಹತ್ತು ವರ್ಷ ಬಿಟ್ಟರೆ ಹಂಚು ಬದಲಿಸುವ ಕೆಲಸ ಮಾಡನ್ನೇ ಬಿಚ್ಚುವ ಕೆಲಸವಾಗುತ್ತದೆ. ಆಗ "ಮುಟ್ಟಿದ್ದಕ್ಕೇ ಹಾಳಾಯಿತು" ಅನ್ನುವ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ.

ಇದು ರಾಜಕೀಯದ ವಿಷಯ ಹೇಗೆ?

ರಾಜ್ಯ ಮಟ್ಟದ ಸೈಟ್‌ಗಳು ಬಿದ್ದರೆ ಸುದ್ದಿಯಾಗುತ್ತದೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಹಾಕಿ, ಗುತ್ತಿಗೆದಾರರು ಕಟ್ಟಿದ್ದ ಠೇವಣಿಯಿಂದ ಸುಮಾರು 11.5 ಕೋಟಿ ರೂಪಾಯಿ ಎಗರಿಸಿದರು. 2025ರ ಜನವರಿಯಲ್ಲಿ ಕಾವೇರಿ 2.0 ಮೇಲೆ ದಾಳಿಯಾಗಿ ಆಸ್ತಿ ನೋಂದಣಿಗೆ ಬಂದವರು ರಾಜ್ಯದುದ್ದಕ್ಕೂ ಕಾದು ಕೂತರು. ಕಾವೇರಿಯದ್ದು ನಕಲಿ ಕೋರಿಕೆಗಳ ಪ್ರವಾಹ ಹರಿಸುವ ದಾಳಿ. ಅದು ಅಪ್‌ಡೇಟ್ ಒಂದರಿಂದಲೇ ತಪ್ಪುವಂಥದ್ದಲ್ಲ. ಆದರೆ ಒಂದು ಸರ್ವರ್ ನಿಂತರೆ ಯಾರ ದಿನಗೂಲಿ ಹೋಗುತ್ತದೆ ಅಂತ ಅವತ್ತು ಸರತಿಯಲ್ಲಿ ನಿಂತವರನ್ನು ಕೇಳಬೇಕು.

ಸರ್ಕಾರಿ ತಾಣಗಳ ಮಟ್ಟಿಗೆ ಒಂದು ಒಳ್ಳೆಯ ದಾರಿ ಇದೆ. ಉಡುಪಿ ಜಿಲ್ಲೆಯ ಅಧಿಕೃತ ತಾಣ ಎನ್‌ಐಸಿಯ ಎಸ್3ವಾಸ್ ಎಂಬ ಸಾಮಾನ್ಯ ವೇದಿಕೆಯ ಮೇಲಿದೆ. ಜಿಲ್ಲೆ ಜಿಲ್ಲೆಗೂ ಬೇರೆ ಸರ್ವರ್, ಬೇರೆ ಗುತ್ತಿಗೆದಾರ ಬೇಡ. ಒಂದು ಕಡೆ ತೂತು ಮುಚ್ಚಿದರೆ ಎಲ್ಲರದ್ದೂ ಮುಚ್ಚಿತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಖಾಸಗಿ ಕಾಲೇಜು, ಸಹಕಾರಿ ಸಂಘ, ಸಣ್ಣ ಆಸ್ಪತ್ರೆಗಳಿಗೆ ಅಂಥ ವೇದಿಕೆ ಇಲ್ಲ. ನಮ್ಮ ಆಧಾರ್ ಪ್ರತಿ, ಅಂಕಪಟ್ಟಿ, ಸಾಲದ ಅರ್ಜಿಗಳನ್ನು ಕೇಳಿ ಪಡೆಯುವವರು ಇವರೇ. ಸೈಟ್ ಉದ್ಘಾಟನೆಗೆ ಶಾಸಕರು ಬರುತ್ತಾರೆ, ದೀಪ ಬೆಳಗುತ್ತಾರೆ, ಮೌಸ್ ಒತ್ತುತ್ತಾರೆ. 2.4.50ರಿಂದ 2.4.51ಕ್ಕೆ ಹೋದದ್ದಕ್ಕೆ ಯಾರೂ ಶಾಲು ಹೊದಿಸುವುದಿಲ್ಲ. ಹೊಸದು ಕಟ್ಟಲು ಬಜೆಟ್ ಇರುತ್ತದೆ, ಕಟ್ಟಿದ್ದನ್ನು ಕಾಯಲು ಇರುವುದಿಲ್ಲ. ರಸ್ತೆಗೆ, ಶಾಲೆ ಶೌಚಾಲಯಕ್ಕೆ ನಾವು ಕಂಡ ರೋಗವೇ ಇದು.

ಕಾನೂನು ಇಲ್ಲವೆಂದಲ್ಲ. ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಅಂತ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಕೊಟ್ಟಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ, ಜನರ ಮಾಹಿತಿಗೆ ತಕ್ಕ ಭದ್ರತೆ ಕೊಡದಿದ್ದರೆ 250 ಕೋಟಿ ರೂಪಾಯಿ ವರೆಗೆ ದಂಡ ಹಾಕಬಹುದು. ತನ್ನ ಆಯ್ದ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನೂ ಕೇಂದ್ರ ಸರ್ಕಾರ ಅದೇ ಕಾಯ್ದೆಯಲ್ಲಿ ಇಟ್ಟುಕೊಂಡಿದೆ ಅನ್ನುವುದು ಬೇರೆ ಮಾತು. ಆದರೆ ದಂಡ ಬರುವುದು ಮಾಹಿತಿ ಸೋರಿದ ಮೇಲೆ. ಸೋರಿದ ಆಧಾರ್ ಪ್ರತಿಯನ್ನು ವಾಪಸ್ ತರಲು ಯಾವ ದಂಡಕ್ಕೂ ಆಗುವುದಿಲ್ಲ.

ನೀವು ಕೇಳಬಹುದಾದ ನಾಲ್ಕು ಪ್ರಶ್ನೆ

ಸರ್ಕಾರಿ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೇಳಬಹುದು. ಆದರೆ "ಯಾವ ಆವೃತ್ತಿ ಓಡಿಸುತ್ತಿದ್ದೀರಿ?" ಅಂತ ಕೇಳಬೇಡಿ. ಭದ್ರತೆಯ ನೆಪ ಹೇಳಿ ತಿರಸ್ಕರಿಸುತ್ತಾರೆ, ಅದರಲ್ಲಿ ಸ್ವಲ್ಪ ನ್ಯಾಯವೂ ಇದೆ. ಬದಲಿಗೆ ಇವನ್ನು ಕೇಳಿ:

1. ವೆಬ್‌ಸೈಟ್ ನಿರ್ವಹಣೆಯ ವಾರ್ಷಿಕ ಗುತ್ತಿಗೆ ಯಾರ ಬಳಿ ಇದೆ, ಯಾವತ್ತಿನ ವರೆಗೆ?
2. ಭದ್ರತಾ ಅಪ್‌ಡೇಟ್ ಬಂದ ಎಷ್ಟು ದಿನದೊಳಗೆ ಹಾಕಬೇಕು ಅಂತ ಗುತ್ತಿಗೆಯಲ್ಲಿ ಬರೆದಿದೆಯಾ?
3. ಕೊನೆಯ ಭದ್ರತಾ ಆಡಿಟ್ ನಡೆದದ್ದು ಯಾವಾಗ?
4. ಬ್ಯಾಕಪ್‌ನಿಂದ ಸೈಟನ್ನು ಮರಳಿ ಎಬ್ಬಿಸಿ ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ?

ಸಹಕಾರಿ ಸಂಘಗಳು ಸಾಮಾನ್ಯವಾಗಿ ಮಾಹಿತಿ ಹಕ್ಕಿನ ವ್ಯಾಪ್ತಿಗೆ ನೇರವಾಗಿ ಬರುವುದಿಲ್ಲ. ಕೇರಳದ ತಲಪ್ಪಲಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹಾಗೆ ಹೇಳಿದೆ. ಪರವಾಗಿಲ್ಲ, ನೀವು ಸದಸ್ಯರಾಗಿದ್ದರೆ ವಾರ್ಷಿಕ ಮಹಾಸಭೆ ಇದೆ. ಲಾಭಾಂಶ ಎಷ್ಟು ಅಂತ ಕೇಳಿದ ಮೇಲೆ ಮೈಕ್ ವಾಪಸ್ ಕೊಡುವ ಮುಂಚೆ ಇದನ್ನೂ ಕೇಳಿ.

ಸೌಪರ್ಣಿಕಾ, ಸೀತಾ ನದಿಗಳ ಕಡೆ ಕಿಂಡಿ ಅಣೆಕಟ್ಟುಗಳಿವೆ. ಮಳೆ ನಿಂತ ಮೇಲೆ ಅವಕ್ಕೆ ಹಲಗೆ ಹಾಕಬೇಕು, ಮಳೆ ಬರುವ ಮುಂಚೆ ತೆಗೆಯಬೇಕು, ಕುಂಬಾದ ಹಲಗೆ ಬದಲಿಸಬೇಕು. ಹೊತ್ತಿಗೆ ಸರಿಯಾಗಿ ಹಲಗೆ ಬೀಳದಿದ್ದರೆ ಉಪ್ಪುನೀರು ಗದ್ದೆಗೆ, ಬಾವಿಗೆ ನುಗ್ಗುತ್ತದೆ. ಹಲಗೆ ತಡವಾದರೆ ರೈತರು ಪಂಚಾಯಿತಿಗೆ ಹೋಗಿ ಗಲಾಟೆ ಮಾಡುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಆ ಗಲಾಟೆಯಿಂದಲೇ ಹಲಗೆ ಬೀಳುತ್ತದೆ.

ಸಂಘದ ಮ್ಯಾನೇಜರ್ ಈಗ ಪ್ರತಿ ತಿಂಗಳ ಮೊದಲ ಶನಿವಾರ ಫೋನ್ ಮಾಡುತ್ತಾರೆ: "ಹಲಗೆ ಹಾಕಿದ್ಯಾ ಮಾಣಿ?" ಗುತ್ತಿಗೆ ಕಾಗದ ಮಾತ್ರ ಇನ್ನೂ ಆಗಿಲ್ಲ. ನಾಳೆ ನಾನೂ ದುಬೈಗೆ ಹೋದರೆ ಪಾಸ್‌ವರ್ಡ್ ಯಾರ ಹತ್ತಿರ ಇರಬೇಕು ಎಂಬುದನ್ನು ಈ ಸಲದ ಮಹಾಸಭೆಯಲ್ಲಿ ಬರೆಸಬೇಕು. ನಾನೂ ಅಲ್ಲಿಯ ಸದಸ್ಯನೇ. ಆ ಪ್ರಶ್ನೆಯನ್ನು ನಾನೇ ಕೇಳುತ್ತೇನೆ.