ಸತ್ತವರಿಗೂ ಕಲ್ಲಿನ ಮನೆ ಕಟ್ಟಿದವರು

ನೋಡಿ, ಐರ್ಲೆಂಡ್‌ನಲ್ಲಿ ನ್ಯೂಗ್ರೇಂಜ್ ಅಂತ ಒಂದು ಸಮಾಧಿ ಇದೆ. 5,000 ವರ್ಷಕ್ಕೂ ಹಳೆಯದು, ಹೊಸ ಶಿಲಾಯುಗದ್ದು. ಓಣಿಯಂಥ ದಾರಿ, ಕೊನೆಗೊಂದು ಕೋಣೆ, ಕಲ್ಲುಗಳ ಮೇಲೆ ಸುರುಳಿ ಸುರುಳಿ ಕೆತ್ತನೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಸೂರ್ಯ ಹುಟ್ಟುವಾಗ ಬೆಳಕು ನೇರ ಒಳಕೋಣೆಗೇ ಬೀಳುತ್ತೆ. ಅದನ್ನು ಒಳಗೆ ನಿಂತು ನೋಡೋಕೆ ಲಾಟರಿಯಲ್ಲಿ ಹೆಸರು ಬರಬೇಕು!

ಈಗ ನಮ್ಮ ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಗೆ ಬನ್ನಿ. ಇಲ್ಲಿನ ತೇರದಾಳ, ಹಳಿಂಗಳಿಯ ಹೆಸರು ಪುರಾತತ್ವದ ಪುಸ್ತಕಗಳಲ್ಲಿದೆ. ವಿದ್ವಾಂಸ ಅ. ಸುಂದರ ಅವರು ಅಧ್ಯಯನ ಮಾಡಿದ ಊರುಗಳಿವು. ದಕ್ಷಿಣ ಭಾರತದ ಕಲ್ಲುಕೋಣೆ ಸಮಾಧಿಗಳ ಮೇಲೆ ಅವರು ಬರೆದ ಪುಸ್ತಕ 1975ರಲ್ಲೇ ಬಂತು. ಪಕ್ಕದ ಗೋಕಾಕ ತಾಲೂಕಿನ ಕೊಣ್ಣೂರಿನಲ್ಲೂ, ನಮ್ಮದೇ ಜಿಲ್ಲೆಯ ಐಹೊಳೆಯ ಮೇಗುತಿ ಗುಡ್ಡದ ಮೇಲೂ ಇಂಥ ಸಮಾಧಿಗಳಿವೆ. ಮೇಗುತಿ ಅಂದ್ರೆ ಎಲ್ಲರಿಗೂ ನೆನಪಾಗೋದು 634ರ ರವಿಕೀರ್ತಿಯ ಶಾಸನ. ಆದರೆ ಅಲ್ಲಿನ ಕಲ್ಲುಕೋಣೆಗಳು ಪುಲಿಕೇಶಿಗಿಂತ ನೂರಾರು ವರ್ಷ ಹಿಂದಿನವು.

ಇವುಗಳ ರಚನೆ ಹೇಗೆ? ಸುತ್ತ ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸ್ತಿದ್ದರು. ಹಲವು ಕೋಣೆಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಕೆಲವಕ್ಕೆ ನ್ಯೂಗ್ರೇಂಜ್‌ನಂತೆ, ಆದರೆ ತೀರಾ ಚಿಕ್ಕದಾದ ದಾರಿಯೂ ಉಂಟು. ಅದೇ ಕೋಣೆಯಲ್ಲಿ ಮತ್ತೊಬ್ಬರ ಮೂಳೆ ಇಡೋಕೆ, ಎಡೆ ಕೊಡೋಕೆ ಈ ಕಿಂಡಿ ಇರಬೇಕು ಅಂತಾರೆ ವಿದ್ವಾಂಸರು. ಹಾಗಂತ ಐರ್ಲೆಂಡಿಗೂ ನಮಗೂ ನಂಟು ಕಟ್ಟಬೇಡಿ. ನಮ್ಮವು ಬಹುಪಾಲು ಕಬ್ಬಿಣ ಯುಗದವು, ಅಂದ್ರೆ ಎಷ್ಟೋ ಈಚಿನವು.

ಕಲೆ ನೋಡಬೇಕಾ? ಗಂಗಾವತಿ ಹತ್ತಿರದ ಹಿರೇಬೆಣಕಲ್‌ಗೆ ಹೋಗಿ. ಸುಮಾರು 400 ಶಿಲಾ ರಚನೆಗಳು, ಬಂಡೆಗಳ ಮೇಲೆ ಬೇಟೆ, ಕುಣಿತದ ಚಿತ್ರಗಳು. 2021ರಲ್ಲಿ ಅದು ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಜನ ಅದನ್ನ ಕರೆಯೋದು ಮೋರ್ಯರ ಗುಡ್ಡ ಅಂತ.

ಸರಿ, ಹೊಲದ ಬದುವಿನಲ್ಲಿರೋ ಕಲ್ಲುಗಳ ಕಥೆ? ಅವಕ್ಕೆ ಬೋರ್ಡಿಲ್ಲ, ಬೇಲಿಯಿಲ್ಲ. ನಿಧಿ ಇದೆ ಅಂತ ರಾತ್ರೋರಾತ್ರಿ ಅಗೆಯೋರು ಒಂದು ಕಡೆ, ಕಬ್ಬಿಗೆ ಭೂಮಿ ಸಮ ಮಾಡೋ ಜೆಸಿಬಿ ಇನ್ನೊಂದು ಕಡೆ. ಅಗೆದವರಿಗೆ ಸಾಮಾನ್ಯವಾಗಿ ಸಿಗೋದು ಕಪ್ಪು-ಕೆಂಪು ಮಡಕೆ ಚೂರು, ತುಕ್ಕು ಹಿಡಿದ ಕಬ್ಬಿಣ, ಮೂಳೆ. ವಿದ್ವಾಂಸರಿಗೆ ಅದೇ ಇತಿಹಾಸ, ಕಳ್ಳರಿಗೆ ಕಸ.

ಬೀಳಗಿ, ಜಮಖಂಡಿ, ಮುಧೋಳದ ಜನಕ್ಕೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹೊಲ, ಮನೆ, ಹಿರಿಯರ ಗದ್ದುಗೆ ಬಿಟ್ಟುಕೊಟ್ಟ ಸೀಮೆ ಇದು. ಜಲಾಶಯದ ಮಟ್ಟ 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಬೇಕು ಅಂತಿದೆ. ಮುಳುಗೋ ಜಮೀನಿನ ಸರ್ವೆ ಜೊತೆಗೇ ಈ ಕಲ್ಲುಗಳ ಲೆಕ್ಕವೂ ಆಗಲಿ. ನಿಮ್ಮ ಹೊಲದಲ್ಲಿ ಇಂಥ ಚಪ್ಪಡಿ ಕಂಡರೆ ಜೆಸಿಬಿ ನಿಲ್ಲಿಸಿ, ಒಂದು ಫೋಟೋ ತೆಗೆದು, ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಒಮ್ಮೆ ಕಿತ್ತ ಕಲ್ಲಿಗೆ ಪರಿಹಾರ ಕೊಡೋ ಸರ್ಕಾರ ಯಾವುದೂ ಇಲ್ಲ.