ಬೆಂಚುಗಳ ನಡುವೆ ಓಡಾಡುವವರು ಯಾರು?

ಆನ್‌ಲೈನ್ ಶಾಲೆ ಎಂದ ಕೂಡಲೇ ಮನೆಯವರು ಓಡುವುದು ಮೊಬೈಲು, ಡೇಟಾ ಪ್ಯಾಕು, ಇಯರ್‌ಫೋನುಗಳ ಹಿಂದೆ. ಅವೆಲ್ಲ ಬೇಕು, ಸರಿ. ಆದರೆ ಕೋವಿಡ್ ಕಾಲದ ಅಂಕಿಗಳು ಹೇಳುವ ಕತೆ ಬೇರೆ. 2018ರಲ್ಲಿ ದೇಶದ ಹಳ್ಳಿಗಳ ಶಾಲಾಮಕ್ಕಳಲ್ಲಿ ಶೇ 36.5ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. 2021ಕ್ಕೆ ಅದು ಶೇ 67.6ಕ್ಕೆ ಏರಿತ್ತು ಎನ್ನುತ್ತದೆ ಹಳ್ಳಿಮಕ್ಕಳ ಶಿಕ್ಷಣದ ಸ್ಥಿತಿಯನ್ನು ಅಳೆಯುವ ಅಸರ್ ಸಮೀಕ್ಷೆ. ಹಾಗೆ ಫೋನಿದ್ದ ಮನೆಗಳ ಮಕ್ಕಳಲ್ಲೂ ಕಾಲುಭಾಗಕ್ಕಿಂತ ತುಸು ಹೆಚ್ಚು ಮಂದಿಯ ಕೈಗೆ ಅದು ಸಿಗುತ್ತಲೇ ಇರಲಿಲ್ಲ. ಅಪ್ಪ ಫೋನು ಜೇಬಿಗಿಟ್ಟು ಕೆಲಸಕ್ಕೆ ಹೊರಟರೆ ಶಾಲೆಗೆ ಅಂದು ರಜೆ. ಕೊರತೆ ಸಾಧನದ್ದಷ್ಟೇ ಅಲ್ಲ, ಅದರ ಸುತ್ತ ಮನೆ ಮಾಡಿಕೊಳ್ಳಬೇಕಾದ ಏರ್ಪಾಡಿನದೂ ಹೌದು.

ಶಾಲೆಯಲ್ಲಿ ಗಮನವಿಡುವುದು ಮಗುವೊಂದರದೇ ಹೊಣೆಯಲ್ಲ. ಗಂಟೆ ಹೊಡೆಯುತ್ತದೆ, ಪಕ್ಕದವಳು ಪುಟ ತಿರುಗಿಸುತ್ತಾಳೆ, ಟೀಚರ್ ಬೆಂಚುಗಳ ನಡುವೆ ಬಂದು ನೋಟ್‌ಬುಕ್ಕಿಗೆ ಇಣುಕುತ್ತಾರೆ. ಫೋನಿನ ಶಾಲೆಯಲ್ಲಿ ಇದೆಲ್ಲ ಒಮ್ಮೆಗೇ ಮಾಯ. ಸ್ಟೀಲ್ ಡಬ್ಬಕ್ಕೆ ಒರಗಿಸಿದ ಮೊಬೈಲಿನಲ್ಲಿ ಟೀಚರ್ ಭಿನ್ನರಾಶಿ ಬರೆಯುತ್ತಿರುತ್ತಾರೆ, ಮೇಲಿನದು 3ಓ 8ಓ ತಿಳಿಯದಷ್ಟು ಚಿಕ್ಕದಾಗಿ. ಮೈಕು ಆಫ್. ಮಗು ಸುಮ್ಮನೆ ತಲೆಯಾಡಿಸುತ್ತದೆ. ನೆಟ್ ಕೈಕೊಟ್ಟು ಮರಳಿ ಬರುವಷ್ಟರಲ್ಲಿ ಲೆಕ್ಕ ಮೂರು ಸಾಲು ಮುಂದೆ ಹೋಗಿರುತ್ತದೆ. ಆ ಗಳಿಗೆಯಲ್ಲಿ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ‘ಮಿಸ್, ಇನ್ನೊಂದ್ಸಲ ಹೇಳಿ’ ಎಂದು ಕೇಳುವುದು, ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕುವುದು, ಸಂಪರ್ಕ ಕಡಿದರೆ ಅದೇ ಪಾಠವನ್ನು ಪುಸ್ತಕದಲ್ಲಿ ತೆರೆದುಕೊಳ್ಳುವುದು: ತಯಾರಿ ಎಂದರೆ ನನ್ನ ಪ್ರಕಾರ ಇದು. ಇದನ್ನು ತರಗತಿ ಶುರುವಾಗುವ ಮೊದಲೇ ಮನೆಯಲ್ಲಿ ಮಾಡಿಸಿ ನೋಡಬೇಕು. ಮಿಕ್ಕಂತೆ ಮೇಜಿನ ಎತ್ತರ, ಬೆಳಕು, ಸದ್ದು ಯಾರಿಗೂ ಗೊತ್ತಿರುವ ವಿಷಯ.

ಹಾಗೆಂದು ಮಗುವನ್ನು ಗಂಟೆಗಟ್ಟಲೆ ಕೂರಲು ಪಳಗಿಸುವುದು ತಯಾರಿಯಲ್ಲ. ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿ 1ರಿಂದ 8ನೇ ತರಗತಿಗೆ ದಿನಕ್ಕೆ 30-45 ನಿಮಿಷಗಳ ಎರಡೇ ಅವಧಿ ಸಾಕೆಂದಿತು. 9ರಿಂದ 12ಕ್ಕೆ ನಾಲ್ಕು. ಕರ್ನಾಟಕವಂತೂ ಅದಕ್ಕೂ ಮುಂಚೆ, ಜೂನ್‌ನಲ್ಲಿ, ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗಳನ್ನೇ ನಿಷೇಧಿಸಿತ್ತು. ಹೈಕೋರ್ಟ್ ಜುಲೈನಲ್ಲಿ ಅದಕ್ಕೆ ತಡೆ ಕೊಟ್ಟಿತು. ನಿಷೇಧ ಅತಿಯಾಯಿತೆನ್ನಬಹುದು, ಅದರ ಹಿಂದಿನ ಆತಂಕ ಸುಳ್ಳಾಗಿರಲಿಲ್ಲ.

ಇದನ್ನೆಲ್ಲ ರೂಢಿಸಲೆಂದು ಪಕ್ಕದಲ್ಲಿ ದೊಡ್ಡವರು ಕೂತರೆ ಮಗು ಪರಾವಲಂಬಿಯಾಗುತ್ತದೆ ಎಂಬ ಆಕ್ಷೇಪವುಂಟು. ಅಮ್ಮನೇ ಉತ್ತರ ಪಿಸುಗುಟ್ಟುವ ಮನೆಗಳಲ್ಲಿ ಅದು ನಿಜವೇ. ಆದರೆ ಮೇಲೆ ಹೇಳಿದ ಅಭ್ಯಾಸಗಳೆಲ್ಲ ಮಗು ತಾನೇ ನಿಭಾಯಿಸಲೆಂದು ಇರುವಂಥವು. ಅವು ಕೈಗೂಡಿದಂತೆ ದೊಡ್ಡವರು ಎದ್ದು ಹೋಗಬಹುದು. ದುಡಿಯುವ ತಂದೆತಾಯಿಗೆ ಪುರುಸೊತ್ತೆಲ್ಲಿ ಎಂಬುದು ಇದಕ್ಕಿಂತ ಗಟ್ಟಿ ಪ್ರಶ್ನೆ. ಇಡೀ ತರಗತಿ ಕಾಯುವುದು ಅವರಿಂದಾಗದು, ಬೇಕಾಗಿಯೂ ಇಲ್ಲ. ಸಂಜೆ ನೋಟ್‌ಬುಕ್ ತೆರೆಸಿ ‘ಇವತ್ತು ಎಲ್ಲಿ ಗುರುತು ಹಾಕಿದೆ, ತೋರಿಸು’ ಎಂದು ಕೇಳಲು ಐದು ನಿಮಿಷ ಸಾಕು. ಓದು ಬಾರದ ಅಜ್ಜಿಯೂ ಇದನ್ನು ಕೇಳಬಲ್ಲಳು, ಖಾಲಿ ಪುಟ ಅವಳಿಗೂ ಕಾಣುತ್ತದೆ. ಕೋವಿಡ್ ಮುಗಿಯಿತಲ್ಲ, ಈಗೇಕೆ ಇದು ಎನ್ನುವವರು 2024ರ ನವೆಂಬರಿನ ದೆಹಲಿಯನ್ನು ನೆನೆಯಲಿ. ಅಲ್ಲಿ ವಾಯುಮಾಲಿನ್ಯದಿಂದಾಗಿ ತರಗತಿಗಳು ಮತ್ತೆ ಮೊಬೈಲಿಗೆ ಬಂದವು.

ಮನೆಯ ತಯಾರಿಗೆ ನಿಲುಕದ್ದು ನೆಟ್‌ವರ್ಕ್. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನಲ್ಲಿ ರಸ್ತೆಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಓಡಾಡಿತು. ಆ ತಂದೆಗೆ ಇನ್ನೇನು ಸಿದ್ಧತೆ ಮಾಡಿಕೊಳ್ಳಿ ಎಂದು ಹೇಳುವುದು? ಅಂಥ ಊರುಗಳಿಗೆ ಬೇಕಾದದ್ದು 2020ರ ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ಶುರುವಾದ ‘ವಿದ್ಯಾಗಮ’ ಯೋಜನೆಯಂಥದ್ದು. ಅಲ್ಲಿ ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗಿ ಕೂರುತ್ತಿದ್ದರು.