ತಂತಿಯ ಕೊನೆಯ ಹೊಲಕ್ಕೂ ಒಂದು ಲೆಕ್ಕ

ಹಿಂಗಾರಿನ ದಿನಗಳಲ್ಲಿ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಬಾವಿಗಳ ಪಂಪುಗಳೆಲ್ಲ ಒಟ್ಟಿಗೇ ಶುರುವಾದರೆ, ಡಿಪಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ದೂರದ ಹೊಲದಲ್ಲಿ ವೋಲ್ಟೇಜು ಕುಸಿಯುತ್ತದೆ. ಮೋಟರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. 1956ರವರೆಗೆ ನಿಲಂಗಾ, ಉದಗೀರ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಈಗ ಅವು ಮಹಾರಾಷ್ಟ್ರದಲ್ಲಿದ್ದರೂ ಗಡಿಯ ಎರಡೂ ಬದಿಯ ರೈತರ ಕಷ್ಟ ಇದೇ. ವೋಲ್ಟೇಜು ಹೀಗೆ ಕುಸಿಯುವ ಕಾರಣವನ್ನು ಸುಮಾರು ಇನ್ನೂರು ವರ್ಷಗಳ ಹಿಂದೆಯೇ ಲೆಕ್ಕಕ್ಕೆ ತಂದವರು ಜರ್ಮನಿಯ ಒಬ್ಬ ಶಾಲಾ ಮೇಷ್ಟರು.

ಅವರು ಗೇಯೋರ್ಗ್ ಓಮ್, ಬೀಗ ಮಾಡುವವರ ಮಗ. 1800ರಲ್ಲಿ ವೋಲ್ಟಾ ಬ್ಯಾಟರಿಯನ್ನು ಕೊಟ್ಟಿದ್ದರು. ಆದರೆ ಅದರ ಬಲ ಗಳಿಗೆಗಳಿಗೆಗೂ ಇಳಿಯುತ್ತಿದ್ದುದರಿಂದ ನಂಬಿಕೆಯ ಅಳತೆ ಸಿಗುತ್ತಿರಲಿಲ್ಲ. ಓಮ್ ಬೇರೆ ದಾರಿ ಹಿಡಿದರು. ಎರಡು ಲೋಹಗಳ ಬೆಸುಗೆಗಳಲ್ಲಿ ಒಂದನ್ನು ಕುದಿವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿಟ್ಟು ಸ್ಥಿರವಾದ ಕರೆಂಟು ಪಡೆದರು. 1827ರ ಪುಸ್ತಕದಲ್ಲಿ ಅವರು ನಿರೂಪಿಸಿದ ನಿಯಮ ಇಷ್ಟೇ: ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ. ತಾಯ್ನಾಡು ಬೇಗ ಮನ್ನಣೆ ಕೊಡಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು.

ಅದೇ ಹೊತ್ತಿಗೆ ಇಂಗ್ಲೆಂಡಿನ ಜೇಮ್ಸ್ ಜೌಲ್, ಕರೆಂಟು ಎರಡು ಪಟ್ಟಾದರೆ ತಂತಿಯ ಶಾಖ ನಾಲ್ಕು ಪಟ್ಟಾಗುತ್ತದೆ ಎಂದು ಕಂಡುಕೊಂಡರು. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಸಿಗುವ ಶಕ್ತಿಯ ಪ್ರಮಾಣಕ್ಕೆ ವ್ಯಾಟ್ ಎಂಬ ಮಾನವನ್ನು 1882ರಲ್ಲಿ ಸೂಚಿಸಿದವರು ವಿಲಿಯಂ ಸೀಮೆನ್ಸ್.

ಕನ್ನಡನಾಡಿನಲ್ಲಿ ಈ ಲೆಕ್ಕ ದೊಡ್ಡದಾಗಿ ಫಲಿಸಿದ್ದು ಶಿವನಸಮುದ್ರದಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಯೋಜನೆಯಿಂದ 1902ರಲ್ಲಿ ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಅಷ್ಟು ದೂರ ಸಾಗಿಸಲು ವೋಲ್ಟೇಜನ್ನು 30–35 ಸಾವಿರಕ್ಕೆ ಏರಿಸಬೇಕಾಯಿತು. ಅದೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಕರೆಂಟು ಹತ್ತರಲ್ಲೊಂದು ಪಾಲು ಸಾಕು. ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳೂ ಇದೇ ವಿದ್ಯುತ್ತಿನಿಂದ ಬೆಳಗಿದವು.

ಹೊಲದ ತಂತಿಯ ಲೆಕ್ಕವೂ ಇದೇ. ತಂತಿಯ ರೋಧ 1 ಓಮ್ ಇದ್ದರೆ, 20 ಆಂಪಿಯರ್ ಹರಿದಾಗ 20 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 40 ಆಂಪಿಯರ್ ಹರಿದರೆ 40 ವೋಲ್ಟ್. ಇಸ್ತ್ರಿ ಪೆಟ್ಟಿಗೆಯಾದರೆ ಆಗ ಕಡಿಮೆ ಕಾಯುತ್ತದೆ, ಅಷ್ಟೆ. 230 ವೋಲ್ಟಿನಲ್ಲಿ 1000 ವ್ಯಾಟ್ ಕೊಡುವ ಪೆಟ್ಟಿಗೆಯ ರೋಧ ಸುಮಾರು 53 ಓಮ್. 180 ವೋಲ್ಟಿನಲ್ಲಿ ಅದು ಕೊಡುವುದು ಸುಮಾರು 610 ವ್ಯಾಟ್. ಮೋಟರಿನ ಸ್ವಭಾವ ಬೇರೆ. ನೀರೆತ್ತುವ ಭಾರ ಇದ್ದೇ ಇರುವುದರಿಂದ ವೋಲ್ಟೇಜು ಇಳಿದರೆ ಅದು ಹೆಚ್ಚು ಕರೆಂಟು ಎಳೆಯುತ್ತದೆ. ಕರೆಂಟು ಶೇ 20 ಹೆಚ್ಚಿದರೆ ವೈಂಡಿಂಗಿನ ಶಾಖ ಶೇ 44 ಹೆಚ್ಚುತ್ತದೆ. ಮೋಟರು ಸುಡುವುದು ಹೀಗೆ.

ಗಡಿಯ ಶಾಲೆಗಳ ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ. ಓಮ್ ನಿಯಮವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿಸಬೇಡಿ. ಮನೆಯ ಇಸ್ತ್ರಿ ಪೆಟ್ಟಿಗೆ, ಮಿಕ್ಸರ್, ಪಂಪಿನ ಮೇಲಿನ ವೋಲ್ಟ್, ಆಂಪಿಯರ್, ವ್ಯಾಟ್ ಅಂಕಿಗಳನ್ನು ಮಕ್ಕಳಿಂದ ಬರೆಸಿ ತರಿಸಿ, ತರಗತಿಯಲ್ಲೇ ಲೆಕ್ಕ ಮಾಡಿಸಿ. ಆ ಲೆಕ್ಕ ತಿಳಿದ ಮಗು ಅಪ್ಪನ ಮೋಟರನ್ನೂ ಉಳಿಸಬಲ್ಲದು.